ಕತ್ತೆಗೆ ಕಣ್ಣು ಬರೆದ ಮಲ್ಲಾಣಿ

ಬಹಳ ಬಹಳ ಹಿಂದೆ, ಬರೆದ ಚಿತ್ರಗಳು ಎದ್ದು ಓಡಾಡುತ್ತಿದ್ದ ಕಾಲದಲ್ಲಿ, ವರ್ಣಾವತಿ ಎಂಬೊಂದು ರಾಜ್ಯವಿತ್ತು. ಅಲ್ಲೊಂದು ವಿಚಿತ್ರ ಕಟ್ಟಳೆ. ಚಿತ್ರಗಾರ ಹುಲಿ ಬರೆಯಲಿ, ಆನೆ ಬರೆಯಲಿ, ಕಣ್ಣು ಮಾತ್ರ ಬರೆಯಕೂಡದು. ಅರಮನೆಯ ಮಾಂತ್ರಿಕ ಕರಾಳಕೇತುವೇ ಬಂದು ಕಣ್ಣಿಡಬೇಕು. ಕಣ್ಣಿಟ್ಟೊಡನೆ ಚಿತ್ರಕ್ಕೆ ಜೀವ ಬರುತ್ತಿತ್ತು, ಕಣ್ಣಿಟ್ಟವನಿಗೆ ಅದು ಆಳಾಗುತ್ತಿತ್ತು. ಬೆನ್ನು ಬಗ್ಗಿಸಿ ಬರೆದವರು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದರು. ಹೀಗೆ ರಾಜ್ಯದ ಹುಲಿ ಕರಡಿಗಳೆಲ್ಲ ಕರಾಳಕೇತುವಿನ ಕಾವಲಿಗೆ ಸೇರಿದ್ದವು. ಅವನೆಂದರೆ ರಾಜನಿಗೂ ಬೆವರು.

ಆ ರಾಜ್ಯದಲ್ಲಿ ಮಡಕೆ ಮಾಡುವ ಗಿರಿಯವ್ವನಿಗೆ ಮಲ್ಲಾಣಿ ಎಂಬ ಮಗಳಿದ್ದಳು. ಅವಳು ಎಲ್ಲರಂತೆ ಒಂದೇ ದೊಡ್ಡ ಚಿತ್ರ ಬರೆಯುವವಳಲ್ಲ. ಉದ್ದನೆಯ ಬಟ್ಟೆಯ ಮೇಲೆ ಚೌಕಾಬಾರದ ಹಾಗೆ ಸಾಲಾಗಿ ಮನೆ ಹಾಕಿ, ಮನೆಗೊಂದು ಚಿತ್ರ ಬರೆದು ಕತೆ ಹೇಳುವವಳು. ಮನೆ ಮನೆಯ ನಡುವೆ ಬೆರಳಗಲ ಬಿಳಿ ಜಾಗ ಬಿಡುತ್ತಿದ್ದಳು. ಅದಕ್ಕೆ ಅವಳಿಟ್ಟ ಹೆಸರು ಓಣಿ.

ಅವಳ ಕತೆಯ ನಾಯಕ ಡಬ್ಬಣ್ಣನೆಂಬ ಕತ್ತೆ. ಕಟ್ಟಳೆಗಾಗಿ ಅವನನ್ನು ಸದಾ ಕಣ್ಣು ಮುಚ್ಚಿಕೊಂಡೇ ಇರುವಂತೆ ಬರೆಯುತ್ತಿದ್ದಳು. ಪಾಪದ ಕತ್ತೆ ಕಂಬಕ್ಕೆ ಡಿಕ್ಕಿ ಹೊಡೆಯುವುದು, ಗೊತ್ತಿಲ್ಲದೆ ಸೇನಾಪತಿಗೆ ಒದೆಯುವುದು! ರಾಜಕುಮಾರರನ್ನು ಬಿಟ್ಟು ಕತ್ತೆಯನ್ನು ಬರೆಯುತ್ತಾಳಲ್ಲ ಎಂದು ಅರಮನೆಯ ಚಿತ್ರಗಾರರು ಮೂಗು ಮುರಿದರು. ಮಲ್ಲಾಣಿ ತಲೆ ಕೆಡಿಸಿಕೊಳ್ಳಲಿಲ್ಲ. ಸುರುಳಿಯನ್ನು ಹೆಗಲಿಗೇರಿಸಿ ಊರೂರು ತಿರುಗಿದಳು, ಸಂತೆಯಲ್ಲಿ ಬಿಚ್ಚಿ ತೋರಿಸಿದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಈ ಸುದ್ದಿ ಕರಾಳಕೇತುವಿನ ಕಿವಿಗೆ ಬಿತ್ತು. ಊರನ್ನೆಲ್ಲ ನಗಿಸುವ ಕತ್ತೆ ತನ್ನ ಆಳಾದರೆ ಜನರ ನಗುವೂ ತನ್ನ ಕೈಸೇರುತ್ತದೆಂದು ಅವನ ಲೆಕ್ಕ. ಮಲ್ಲಾಣಿಯನ್ನು ಆಸ್ಥಾನಕ್ಕೆ ಕರೆಸಿದ.

"ಏ ಹುಡುಗಿ, ನಿನಗೆ ಚಿನ್ನದ ಕುಂಚ ಕೊಡಿಸುತ್ತೇನೆ. ಆ ಕತ್ತೆಯನ್ನು ಇತ್ತ ಕೊಡು, ಕಣ್ಣಿಡುತ್ತೇನೆ."

"ಬೇಡ ಸ್ವಾಮಿ," ಎಂದಳು ಮಲ್ಲಾಣಿ. "ಮೂಗು ಬರೆದೋಳು ನಾನು, ಬಾಲ ಬರೆದೋಳೂ ನಾನು. ಕಣ್ಣೂ ನಾನೇ ಬರ್ಕೋತೀನಿ."

ರಾಜ ಒಮ್ಮೆ ಮಾಂತ್ರಿಕನ ಮುಖ ನೋಡಿದ, ಒಮ್ಮೆ ಹುಡುಗಿಯ ಮುಖ ನೋಡಿದ. ಕೊನೆಗೆ ಹೇಳಿದ: "ಮೂರು ಪರೀಕ್ಷೆ ಆಗಲಿ. ಗೆದ್ದರೆ ಕಣ್ಣು ನಿನ್ನದು. ಸೋತರೆ ಕತ್ತೆ ಅವನದು, ನೀನು ಮತ್ತೆಂದೂ ಕುಂಚ ಹಿಡಿಯಕೂಡದು."

ಮೊದಲ ಪರೀಕ್ಷೆಗೆ ಕರಾಳಕೇತು ತನ್ನ ಮಾಯಾಹುಲಿಯನ್ನು ಬಿಟ್ಟ. ಹುಲಿ ಗರ್ಜಿಸುತ್ತ ನುಗ್ಗಿತು. ಮಲ್ಲಾಣಿ ಹೊಸ ಬಟ್ಟೆಯೊಂದನ್ನು ಹಾಸಿ ಕುಂಚ ಹಿಡಿದಳು. ಮೊದಲ ಮನೆಯಲ್ಲಿ ಹುಲಿ ಕಣ್ಣು ಮುಚ್ಚಿ ಗರ್ಜಿಸುವಂತೆ ಬರೆದಳು. ಎರಡನೆಯದರಲ್ಲಿ ಅದರ ಮೂಗಿನ ಮೇಲೊಂದು ಜೇನುನೊಣ ಕೂರಿಸಿದಳು. ಮೂರನೆಯ ಮನೆಯನ್ನು ಖಾಲಿ ಬಿಟ್ಟಳು. ಹುಲಿ ಗಕ್ಕನೆ ನಿಂತು ಬಟ್ಟೆಯನ್ನೇ ದಿಟ್ಟಿಸಿತು.

"ಆಮೇಲೆ?" ಎಂದಿತು ಹುಲಿ.

"ಕೂತ್ಕೋ, ಹೇಳ್ತೀನಿ," ಎಂದಳು ಮಲ್ಲಾಣಿ. ಹುಲಿ ಬಾಲ ಮಡಚಿ ಕೂತಿತು.

ಎರಡನೆಯ ಪರೀಕ್ಷೆಗೆ ಕರಾಳಕೇತು ಮಂತ್ರ ಹಾಕಿ ಅವಳ ಬಣ್ಣಗಳನ್ನೆಲ್ಲ ನೀರು ಮಾಡಿದ. "ಬಣ್ಣವಿಲ್ಲದೆ ನಿನ್ನ ಕತ್ತೆಯನ್ನು ಜನ ಗುರುತು ಹಿಡಿಯಲಿ, ನೋಡೋಣ!"

ಗುಂಪಿನಿಂದ ಗಿರಿಯವ್ವ ಮಸಿ ಹಿಡಿದ ಮಡಕೆ ಹೊತ್ತು ಮುಂದೆ ಬಂದಳು. "ತಗೋ ಮಗಳೇ. ಕೂಸಾಗಿದ್ದಾಗ ನಿನಗೆ ದೃಷ್ಟಿಬೊಟ್ಟು ಇಟ್ಟಿದ್ದೂ ಮಡಕೆ ಮಸೀಲೇ."

ಮಲ್ಲಾಣಿ ಬೆರಳಿಗೆ ಮಸಿ ಬಳಿದುಕೊಂಡು ಎರಡು ಗೆರೆ ಎಳೆದಳು. ಇನ್ನೂ ಕಿವಿ ಮುಗಿದಿರಲಿಲ್ಲ, ಜನ ಕೂಗಿದರು: "ಡಬ್ಬಣ್ಣ! ನಮ್ಮ ಡಬ್ಬಣ್ಣ!" ಗಿರಿಯವ್ವನ ಎದೆ ಉಬ್ಬಿತು.

ಕರಾಳಕೇತುವಿನ ಮೈಯೆಲ್ಲ ಉರಿಯಿತು. "ಮೂರನೆಯದು ನನ್ನೊಡನೆ! ನಾನೇ ಚಿತ್ರದೊಳಗೆ ಹೋಗಿ ಕತ್ತೆಯನ್ನು ಹಿಡಿಯುತ್ತೇನೆ. ಅಷ್ಟರೊಳಗೆ ಕಣ್ಣು ಬರೆ, ತಾಕತ್ತಿದ್ದರೆ!" ಎಂದವನೇ ಡಬ್ಬಣ್ಣನ ಕತೆಯ ಸುರುಳಿಯ ಮೊದಲ ಮನೆಗೆ ಹಾರಿದ.

ಚಿತ್ರದೊಳಗೆ ಹೊಕ್ಕು ಬರುವುದು ಅವನಿಗೆ ಹೊಸದಲ್ಲ. ಆದರೆ ಅವನು ಹೊಕ್ಕಿದ್ದೆಲ್ಲ ಒಂಟಿ ಚಿತ್ರಗಳನ್ನು. ಡಬ್ಬಣ್ಣ ಪಕ್ಕದ ಮನೆಯಲ್ಲಿದ್ದ. ಕರಾಳಕೇತು ಓಡಿಹೋಗಿ ನಡುವಿನ ಓಣಿಗೆ ಕಾಲಿಟ್ಟ. ಅಲ್ಲಿ ನೆಲವಿರಲಿಲ್ಲ, ಆಕಾಶವಿರಲಿಲ್ಲ, ಏನೂ ಇರಲಿಲ್ಲ. ಓಣಿಯಲ್ಲಿ ಮಲ್ಲಾಣಿ ಎಂದೂ ಏನನ್ನೂ ಬರೆದವಳಲ್ಲ. ಅಲ್ಲಿ ಏನಾಯಿತೆಂದು ನೋಡುವವರೇ ಮನಸ್ಸಿನಲ್ಲಿ ಕಂಡುಕೊಳ್ಳಬೇಕು, ಅವರು ಕಂಡದ್ದೇ ಅಲ್ಲಿ ನಡೆಯುವುದು. ಸಂತೆಯ ಜನರಿಗೆಲ್ಲ ಅದು ಗೊತ್ತಿತ್ತು. ಜನರ ನಡುವೆ ಕೂತು ಒಂದು ಕತೆಯನ್ನೂ ನೋಡದ ಮಾಂತ್ರಿಕನಿಗೆ ಗೊತ್ತಿರಲಿಲ್ಲ.

"ದಾಟಿಸಿ! ಯಾರಾದರೂ ನನ್ನನ್ನು ದಾಟಿಸಿ!" ಎಂದು ಅವನು ಬಾಯಿ ಬಡಿದುಕೊಂಡ.

ಸಭೆಯಲ್ಲಿದ್ದವರೆಲ್ಲ ಮನಸ್ಸಿನಲ್ಲಿ ಕಂಡದ್ದು ಒಂದೇ: ಡಬ್ಬಣ್ಣನ ಒದೆ. ಕರಾಳಕೇತು ಹಾರಿಹೋದ. ಎಲ್ಲಿ ಬಿದ್ದನೋ, ಇವತ್ತಿನವರೆಗೂ ಯಾರಿಗೂ ತಿಳಿದಿಲ್ಲ.

ಮಲ್ಲಾಣಿ ಮುಂದಿನ ಮನೆಯಲ್ಲಿ ಕತ್ತೆಯ ಮುಖವನ್ನು ದೊಡ್ಡದಾಗಿ ಬರೆದಳು. ಅವ್ವನ ಮಡಕೆಯ ಮಸಿಯಲ್ಲೇ ಎರಡು ಕಣ್ಣು ಇಟ್ಟಳು. ಡಬ್ಬಣ್ಣ ರೆಪ್ಪೆ ಬಡಿದ, ಬಟ್ಟೆಯಿಂದ ಇಳಿದು ಬಂದ, ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಓಹೋ, ನೀನೇನಾ ನಮ್ಮವ್ವ? ಎಷ್ಟು ಕಂಬಕ್ಕೆ ಡಿಕ್ಕಿ ಹೊಡೆಸಿದೆಯೇ ತಾಯಿ!"

ಮಲ್ಲಾಣಿ ಅವನ ಕೊರಳು ತಬ್ಬಿಕೊಂಡು ಅತ್ತಳು, ನಕ್ಕಳು. ಮಾಯೆ ಕಳಚಿತು. ಹುಲಿ ಕರಡಿಗಳೆಲ್ಲ ತಮ್ಮನ್ನು ಬರೆದವರ ಮನೆ ಹುಡುಕಿಕೊಂಡು ಹೊರಟವು. ಮೂಗು ಮುರಿದಿದ್ದ ಚಿತ್ರಗಾರರು ತಮ್ಮ ಆನೆಗಳನ್ನು ಅಪ್ಪಿಕೊಂಡು ಮಲ್ಲಾಣಿಗೆ ಕೈಮುಗಿದರು.

"ಅರಮನೆಯಲ್ಲೇ ಇದ್ದುಬಿಡಮ್ಮ," ಎಂದ ರಾಜ.

"ಸಂತೆ ಜನ ಕಾಯ್ತಿದ್ದಾರೆ ಮಹಾಪ್ರಭು," ಎಂದು ಮಲ್ಲಾಣಿ ಸುರುಳಿಯನ್ನು ಹೆಗಲಿಗೇರಿಸಿದಳು. ಗಿರಿಯವ್ವ ಮುಂದೆ ಮುಂದೆ ನಡೆಯುತ್ತ, ದಾರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದಳು: "ನನ್ನ ಮಗಳು! ಕಣ್ಣೂ ಅವಳದೇ!"

ಅಂದಿನಿಂದ ವರ್ಣಾವತಿಯಲ್ಲಿ ಬರೆದವರೇ ಕಣ್ಣಿಡುವುದು ಕಟ್ಟಳೆಯಾಯಿತು. ಸೇನಾಪತಿಯೊಬ್ಬನನ್ನು ಬಿಟ್ಟು ಎಲ್ಲರೂ ಸುಖವಾಗಿದ್ದರು. ಕತ್ತೆ ಈಗ ನೋಡಿಕೊಂಡೇ ಒದೆಯುತ್ತಿತ್ತು.