ಬೇರೆ ಕೈಗೆ ಹಾಲು ಕೊಡದ ಹಸು

ಮಂಗಳವಾರ ಬೆಳಿಗ್ಗೆ ಠಾಣೆಯ ಕಸ ಗುಡಿಸಿ ಮುಗಿದಿರಲಿಲ್ಲ, ತುಂಬು ಗರ್ಭಿಣಿಯೊಬ್ಬಳು ಏದುಸಿರು ಬಿಡುತ್ತಾ ಬಂದು ಬೆಂಚಿನ ಮೇಲೆ ಕುಳಿತಳು. ತಂಗಿ ಕಾಣೆಯಾಗಿದ್ದಾಳೆ ಎಂದಳು. ಹಳ್ಳಿಗಾಡಿನ ತೋಟವೊಂದಕ್ಕೆ ತಾನಾಗಿಯೇ ಕೆಲಸಕ್ಕೆ ಹೋಗಿದ್ದಳಂತೆ. ಸಂಬಳವಿಲ್ಲ, ದುಡಿದಿದ್ದಕ್ಕೆ ಊಟ, ಮಲಗಲು ಒಂದು ಕೋಣೆ.

"ಪುಕ್ಕಟೆ ಚಾಕರಿಗೆ ಯಾರಾದ್ರೂ ಅಷ್ಟು ದೂರ ಹೋಗ್ತಾರೇನಮ್ಮಾ?" ಎಂದ ಹೆಡ್‌ಕಾನ್‌ಸ್ಟೇಬಲ್.

"ದನಕರು ಅಂದ್ರೆ ಅವಳಿಗೆ ಪ್ರಾಣ ಸಾರ್. ಹೆರಿಗೆ ಹೊತ್ತಿಗೆ ಬಂದೇ ಬರ್ತೀನಿ ಕಣಕ್ಕಾ ಅಂದಿದ್ಲು. ವಾರದಿಂದ ಫೋನೇ ಇಲ್ಲ. ನನಗೆ ಇನ್ಯಾರಿದಾರೆ?" ಅವಳಿಗೆ ಅಳು ಒತ್ತರಿಸಿ ಬಂತು.

"ರೀ, ತಮಾಷೆ ಸಾಕು, ದೂರು ಬರ್ಕೊಳ್ಳಿ," ಎಂದರು ಇನ್‌ಸ್ಪೆಕ್ಟರ್ ಮೇಡಂ. ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದ ಮೇಲೆ ಜೀಪು ತೋಟ ಸೇರಿತು.

ತೋಟದೊಡತಿ ಐವತ್ತರ ಆಸುಪಾಸಿನ ಒಂಟಿ ಹೆಂಗಸು. ನಗುನಗುತ್ತಲೇ ಬಾಗಿಲು ತೆರೆದಳು.

"ಹೋದ ವಾರವೇ ಹೊರಟ್ಲಲ್ಲ. ನಾನೇ ಬಸ್ ಹತ್ತಿಸಿದೆ."

"ಈಗ ಕೆಲಸಕ್ಕೆ ಯಾರಿದಾರೆ?"

"ಯಾರೂ ಇಲ್ಲ. ಎಲ್ಲಾ ನಾನೇ."

ಹುಡುಗಿಯ ಕೋಣೆಯಲ್ಲಿ ಒಂದು ಕೂದಲೆಳೆಯೂ ಇರಲಿಲ್ಲ. ಅಷ್ಟು ಚೊಕ್ಕಟ ಕಂಡು ಮೇಡಂ ಇಡೀ ಮನೆ ಸುತ್ತಿ ನೋಡಿದರು. ಅಡುಗೆಮನೆಯಲ್ಲಿ ಬೆಳಗಿನ ಹಾಲು ಪಾತ್ರೆ ತುಂಬಾ ಇತ್ತು. ಕೊಟ್ಟಿಗೆಯಲ್ಲಿದ್ದುದು ಒಂದೇ ಹಸು. ಕರು ಸತ್ತು ತಿಂಗಳಾಗಿತ್ತಂತೆ. ಹಾಲು ಮಾರುವ ಮನೆಯಲ್ಲೇ ಬೆಳೆದವರು ಮೇಡಂ. ಕರುವಿಲ್ಲದ ಹಸು ಹಾಲು ಬಿಡಬೇಕಾದರೆ ಪಳಗಿದ ಕೈಯೇ ಬೇಕು ಎಂಬುದು ಅವರಿಗೆ ಹೇಳಿಕೊಡಬೇಕಿರಲಿಲ್ಲ.

"ಹಾಲು ಕರೆಯೋ ಹೊತ್ತಾಯ್ತಲ್ಲ, ಕರೀರಿ."

ಒಡತಿಯ ನಗು ಮಾಯವಾಯಿತು. ಕೆಚ್ಚಲಿಗೆ ಕೈ ಹಾಕಿದ್ದೇ ತಡ, ಹಸು ಝಾಡಿಸಿ ಒದೆಯಿತು. ಒಂದು ತೊಟ್ಟೂ ಇಳಿಯಲಿಲ್ಲ.

"ಬೆಳಿಗ್ಗೆ ಕರೆದಿದ್ದು ಯಾರು?"

ಉತ್ತರಕ್ಕೆ ಕಾಯದೆ ಮೇಡಂ ಹಸುವಿನ ಹಗ್ಗ ಬಿಚ್ಚಿದರು. ಹಸು ಅತ್ತಿತ್ತ ನೋಡದೆ ನೇರ ಹಿತ್ತಲಿಗೆ ನಡೆದು, ಗೆಡ್ಡೆ ತುಂಬಿಡುವ ಕಲ್ಲಿನ ಉಗ್ರಾಣದ ಮುಂದೆ ನಿಂತಿತು. ಬಾಗಿಲಿಗೆ ಅಡ್ಡ ಹುಲ್ಲಿನ ಹೊರೆಗಳು. ಹಸು ಒಮ್ಮೆ ಕೂಗಿತು.

ಒಳಗಿನಿಂದ ನಿದ್ದೆ ತುಂಬಿದ ದನಿಯೊಂದು ಮೆಲ್ಲಗೆ, ಪ್ರತಿದಿನದ ರೂಢಿಯಂತೆ ಉತ್ತರಿಸಿತು: "ಬಂದೆ ಕಣೇ, ತಾಳು."

ಹೆಡ್‌ಕಾನ್‌ಸ್ಟೇಬಲ್ "ಅಯ್ಯೋ ದೇವ್ರೇ!" ಎನ್ನುತ್ತಲೇ ಹೊರೆ ಎಳೆದು ಬಿಸಾಡಿದ.

ಹುಡುಗಿ ಬದುಕಿದ್ದಳು. ಹೊರಗೆ ಬಂದವಳು ಮೊದಲು ಕೇಳಿದ್ದು, "ಅಕ್ಕನಿಗೆ ಹೆರಿಗೆ ಆಯ್ತಾ?"

"ಇನ್ನೂ ಇಲ್ಲ ಕಣಮ್ಮಾ. ನಿನ್ನೇ ಕಾಯ್ತಿದಾಳೆ," ಎಂದು ಮೇಡಂ ಅವಳ ತಲೆ ಸವರಿದರು.

ಬೆಳಿಗ್ಗೆ ಸಂಜೆ ಹಾಲು ಕರೆಯಲು ಮಾತ್ರ ಒಡತಿ ಅವಳನ್ನು ಹೊರಗೆ ಬಿಡುತ್ತಿದ್ದಳಂತೆ. ಕರೆದು ಮುಗಿಸುವ ತನಕ ಒಡತಿ ಕುಡುಗೋಲು ಹಿಡಿದು ಪಕ್ಕದಲ್ಲೇ ನಿಂತು, ಮಗಳೇ, ಮಗಳೇ ಎಂದು ಮಾತಾಡಿಸುತ್ತಿದ್ದಳಂತೆ.

ಪಂಚನಾಮೆ ಮುಗಿಸಿ, ಕುಡುಗೋಲು ವಶಪಡಿಸಿಕೊಂಡು, ಒಡತಿಯನ್ನು ಬಂಧಿಸಿದರು. ಠಾಣೆಯಲ್ಲಿ ಅವಳು ಯಾವುದನ್ನೂ ಅಲ್ಲಗಳೆಯಲಿಲ್ಲ.

"ಕೆಲಸಕ್ಕೆ ಬಂದ ಹುಡುಗೀರೆಲ್ಲ ಮತ್ತೆ ಬರ್ತೀನಿ ಅಂತಲೇ ಹೋಗ್ತಾರೆ ಮೇಡಂ. ಇದುವರೆಗೂ ಒಬ್ಬಳೂ ಬಂದಿಲ್ಲ. ಇವಳು ಹೊರಟ ದಿನ ಎದೆ ಒಡೆದು ಹೋಯ್ತು."

"ಇನ್ನೆರಡು ದಿನ ಇರಮ್ಮಾ ಅಂತ ಒಂದ್ಸಲ ಆದ್ರೂ ಕೇಳಿದ್ರಾ?"

ಅವಳು ತಲೆ ತಗ್ಗಿಸಿದಳು.

"ಕೇಳಿಲ್ಲ. ಆಗಲ್ಲ ಅಂದ್ಬಿಟ್ರೆ ಅಂತ ಹೆದರಿಕೆ ಆಯ್ತು."

ಮೇಡಂ ಅದನ್ನು ಇದ್ದ ಹಾಗೆಯೇ ಬರೆಸಿ, ಸಹಿ ಹಾಕಿಸಿಕೊಂಡರು.