ಬಿಟ್ಟುಹೋದ ಷರಾ

“ಟೀಚರಮ್ಮನಿಗೆ ಅಲರ್ಜಿ ಇದೆ ಅಂತ ಹೊಸ ಕಂಪ್ಯೂಟರ್‌ನಲ್ಲಿ ಯಾಕಿಲ್ಲ?”

ಐಸಿಯು ಬಾಗಿಲಲ್ಲಿ ಫಾರ್ಮಸಿಸ್ಟ್ ಅವಳನ್ನು ಕೇಳಿದ. ಆಸ್ಪತ್ರೆಯ ಹಳೆಯ ಕಂಪ್ಯೂಟರ್‌ಗಳ ಮಾಹಿತಿಯನ್ನೆಲ್ಲ ಹೊಸ ವ್ಯವಸ್ಥೆಗೆ ಜೋಡಿಸಿದವಳು ಅವಳೇ. ಅದು ಅವಳ ಮೊದಲ ದೊಡ್ಡ ಕೆಲಸ. ಒಳಗೆ, ಇಂಜೆಕ್ಷನ್ ಒಗ್ಗದೆ ಉಸಿರುಗಟ್ಟಿದ್ದ ಟೀಚರಮ್ಮ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

“ಹಳೇದರಲ್ಲಿ ಅಲರ್ಜಿ ಕಾಲಂ ಖಾಲಿ ಇತ್ತು...”

“ಆ ಕಾಲಂ ತೆರೆದ್ರೆ ಕಂಪ್ಯೂಟರ್ ನಿಂತೇ ಹೋಗ್ತಿತ್ತು. ಅದಕ್ಕೇ ನಾವೆಲ್ಲ ಅಲರ್ಜೀನ ಷರಾ ಕಾಲಂನಲ್ಲಿ ಬರೀತಿದ್ವಿ.”

ಷರಾ... ಬೇಡದ ಹರಟೆ ಎಂದುಕೊಂಡು ಅವಳು ಹಿಂದೆ ಬಿಟ್ಟು ಬಂದದ್ದು ಅದೊಂದನ್ನೇ!

ತಿಂಗಳುಗಟ್ಟಲೆ ಅವನ ಪಕ್ಕದಲ್ಲೇ ಕೂತು ಔಷಧಿ ವಿಭಾಗದ ಕೆಲಸ ತಿಳಿದುಕೊಂಡಿದ್ದಳು. ಹಾಗೆಯೇ ಮನಸ್ಸೂ ಕೊಟ್ಟಿದ್ದಳು. ಹೇಳಬೇಕಾದ್ದನ್ನು ಅವನು ಹೇಳಲಿಲ್ಲ, ಕೇಳಬೇಕಾದ್ದನ್ನು ಅವಳು ಕೇಳಲಿಲ್ಲ. ಕೆಲಸದಲ್ಲೂ ಅಷ್ಟೇ, ಪ್ರೀತಿಯಲ್ಲೂ ಅಷ್ಟೇ.

ಮಧ್ಯಾಹ್ನ ವಿಚಾರಣೆಗೆ ಅವನನ್ನು ಮಾತ್ರ ಕರೆದರು. ಗಾಜಿನ ಗೋಡೆಯಾಚೆ ಅವನು ಹೊರಗೆ ನಿಂತಿದ್ದ ಅವಳ ಕಡೆ ಕೈ ತೋರಿಸಿದ್ದು ಕಂಡಿತು.

‘ಎಲ್ಲವನ್ನೂ ನನ್ನ ತಲೆಗೆ ಕಟ್ಟಿದನಲ್ಲ...’

ನಂಬಿದವನೇ ಕತ್ತು ಕುಯ್ದರೆ ಯಾರ ಮುಂದೆ ಅಳುವುದು? ಇನ್ನು ಈ ಕೆಲಸವೇ ಬೇಡ ಎಂದು ರಾಜೀನಾಮೆ ಹಿಡಿದು ತನ್ನ ವಿಭಾಗದ ಮುಖ್ಯಸ್ಥೆ ಮೇಡಂ ಹತ್ತಿರ ಹೋದಳು.

ಅವರು ಅದನ್ನು ಮುಟ್ಟಲೂ ಇಲ್ಲ. “ಷರಾ ವಿಷಯ ನಿನಗೆ ಹೇಳದೇ ಇದ್ದದ್ದು ತನ್ನ ತಪ್ಪು ಅಂತ ಅವನು ಒಪ್ಪಿಕೊಂಡ ಕಣೇ. ಕೌಂಟರ್‌ನಿಂದ ಎತ್ತಿ ಗೋದಾಮಿಗೆ ಹಾಕಿದ್ದಾರೆ.”

ಅವಳು ಓಡಿದಳು. ಗೋದಾಮಿನ ಮಂಕು ಬೆಳಕಿನಲ್ಲಿ ಅವನು ಸಲೈನ್ ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದ.

“ನನ್ನ ಕಡೆ ಕೈ ತೋರಿಸಿ ಏನಂದ್ರಿ?”

“ಅವರನ್ನ ಕೆಲಸದಿಂದ ಕಳಿಸಬೇಡಿ, ಉಳಿದ ಷರಾಗಳನ್ನ ತಂದು ಸೇರಿಸೋಕೆ ಅವರೇ ಬೇಕು ಅಂದೆ.” ಕೈಲಿದ್ದ ಪೆಟ್ಟಿಗೆ ಕೆಳಗಿಟ್ಟು ಹೇಳಿದ. “ನನಗೂ ಬೇಕು.”

ಎಷ್ಟು ಕಾದಿದ್ದ ಮಾತು! ಆದರೆ ಸಂತೋಷಪಡಲೂ ಅವಳಿಗೆ ಹೆದರಿಕೆಯಾಯಿತು. ಬಿಕ್ಕಿ ಬಿಕ್ಕಿ ಅತ್ತಳು.

“ನನಗೂ ನೀವು ಬೇಕು... ಆದ್ರೆ ಟೀಚರಮ್ಮ ಏಳದಿದ್ರೆ?”

ಅವನು ಗೋದಾಮಿನ ಬಾಗಿಲ ಕಡೆ ನಡೆದ.

“ಅವರ ಮಗಳು ಐಸಿಯು ಹೊರಗೆ ಒಬ್ಬಳೇ ಕೂತಿದ್ದಾಳೆ. ಯಾರೂ ಅವಳಿಗೆ ನಿಜ ಹೇಳಿಲ್ಲ. ನಾವು ಹೇಳಬೇಕು.”

“ನನ್ನೊಬ್ಬಳ ಕೈಲಿ ಆಗಲ್ಲ.”

“ಒಬ್ಬಳೇ ಯಾಕೆ? ಬಾ, ಇಬ್ಬರೂ ಹೋಗೋಣ.”

ಅವನು ಚಾಚಿದ ಕೈಯನ್ನು ಅವಳು ಹಿಡಿದುಕೊಂಡಳು.

“ಶಾಪ ಹಾಕಿದ್ರೆ?”

“ಹಾಕಲಿ, ನಿಂತು ಕೇಳೋಣ. ಕೈ ಮಾತ್ರ ಬಿಡಬೇಡ.”

“ಬಿಡಲ್ಲ.”