ಆಚೆಗೊಂದು ಗೆರೆ, ಈಚೆಗೊಂದು ಗೆರೆ

“ಟೇಪ್ ಬಿಗಿಯಾಗಿ ಹಿಡ್ಕೊಳೇ ಸಿರಿ! ಜೋಕಾಲಿ ಥರ ತೂಗಾಡಿಸ್ಬೇಡ!”

ಬಾಲರಾಜು ಸಾರ್ ಕೂಗಿದರು. ಅವರು ಪಿ.ಟಿ. ಮೇಷ್ಟ್ರು. ಕೂಗುವುದು ಅವರಿಗೆ ಸಿಟ್ಟಲ್ಲ, ಅಭ್ಯಾಸ. “ಊಟ ಆಯ್ತಾ?” ಅಂತ ಕೇಳಿದರೂ ಬೀದಿಯ ಕೊನೆಯ ಮನೆಯವರು “ಆಯ್ತು ಸಾರ್” ಅನ್ನಬೇಕು, ಹಾಗೆ ಕೇಳುತ್ತಿದ್ದರು.

ಸಿರಿ ಟೇಪಿನ ಸೊನ್ನೆ ಇದ್ದ ತುದಿಯನ್ನು ಶಾಲೆಯ ಗೇಟಿಗೆ ಒತ್ತಿ ಹಿಡಿದಳು. ಇನ್ನೊಂದು ತುದಿ ಹಿಡಿದು ಅದ್ನಾನ್ ಓಡಿದ. ಹದಿನೈದು ಮೀಟರ್ ಮುಗಿದಲ್ಲಿ ಸಾರ್ “ಸ್ಟಾಪ್!” ಅಂದರು. ಅದ್ನಾನ್ ಸೀಮೆಸುಣ್ಣದಲ್ಲಿ ರಸ್ತೆಗೆ ಗುರುತು ಹಾಕಿದ. ಸಿರಿ ಅಲ್ಲಿಗೆ ಹೋಗಿ, ಗುರುತಿನ ಮೇಲೆ ಸೊನ್ನೆ ಇಟ್ಟು ಕುಕ್ಕರುಗಾಲಲ್ಲಿ ಕೂತಳು. ಅದ್ನಾನ್ ಮತ್ತೆ ಮುಂದಕ್ಕೆ ಓಡಿದ.

ಇಬ್ಬರೂ ಐದನೇ ಕ್ಲಾಸು. ಇಡೀ ಶಾಲೆಯಲ್ಲಿ ಈ ಕೆಲಸಕ್ಕೆ ಅವರಿಬ್ಬರನ್ನೇ ಆರಿಸಿದ್ದಕ್ಕೆ ಬೆಳಿಗ್ಗೆ ಸಿರಿಗೆ ಹೆಮ್ಮೆಯಾಗಿತ್ತು. ಶಾಲೆಯಿಂದ ನೂರು ಗಜದೊಳಗೆ ಬೀಡಿ, ಸಿಗರೇಟು, ಗುಟ್ಕಾ ಯಾವುದನ್ನೂ ಮಾರಬಾರದು ಅಂತ ಕಾನೂನು ಇದೆಯಂತೆ. ನೂರು ಗಜ ಎಲ್ಲಿಗೆ ಮುಗಿಯುತ್ತದೋ ಅಲ್ಲಿ ರಸ್ತೆಗೆ ಅಡ್ಡಲಾಗಿ ಹಳದಿ ಗೆರೆ ಎಳೆಯಬೇಕಂತೆ.

“ನೂರು ಗಜ ಅಂದ್ರೆ ತೊಂಬತ್ತೊಂದೂವರೆ ಮೀಟರ್,” ಅಂದಿದ್ದರು ಸಾರ್. “ನಮ್ಮ ಟೇಪಲ್ಲಿ ಆರು ಸಲ, ಆಮೇಲೆ ಒಂದೂವರೆ ಮೀಟರ್.”

ಎರಡನೇ ಸಲ ಟೇಪು ನಿಂತದ್ದು ಅದ್ನಾನನ ಅಬ್ಬಾ ವಹಾಬ್ ಅವರ ಅಂಗಡಿಯ ಮುಂದೆ.

“ವಹಾಬ್ ಸಾಬ್ರೇ, ಇನ್ನೂ ಅರವತ್ತು ಮೀಟರ್ ಇದೆ. ನಿಮ್ಮದು ಪೂರಾ ಒಳಗೆ. ನಾಳೆಯಿಂದ ಸಿಗರೇಟು ಬಂದ್. ಅಧಿಕಾರಿಗಳು ಬಂದರೆ ದಂಡ ಹಾಕ್ತಾರೆ, ಮಾಲು ಎತ್ಕೊಂಡು ಹೋಗ್ತಾರೆ.”

“ನನ್ನ ಮಗನ ಕೈಲೇ ಟೇಪ್ ಕೊಟ್ಟು ನನ್ನ ಅಂಗಡೀನೇ ಅಳೆಸ್ತೀರಲ್ಲ ಸಾರ್!” ಅಂದರು ವಹಾಬ್. ನಗುತ್ತಲೇ ಅಂದರು. ಆದರೆ ಅವರ ಕೈ ಸಿಗರೇಟಿನ ಡಬ್ಬಿಗಳ ಮೇಲೆ ಸುಮ್ಮನೆ ಒಂದು ಸಲ ಓಡಾಡಿತು.

ಆಗ ಸಿರಿ ತಲೆ ಎತ್ತಿ ಮುಂದೆ ನೋಡಿದಳು. ಬೊಂಬೆ ಕಾರ್ಖಾನೆಯ ಕಾಂಪೌಂಡು ಮುಗಿಯುವಲ್ಲಿ, ಹೊಂಗೆ ಮರದ ಕೆಳಗೆ, ನೀಲಿ ಬಣ್ಣದ ಪೆಟ್ಟಿಗೆ ಅಂಗಡಿ. ಅದು ಅವಳ ಅಜ್ಜಿ ಸಿದ್ದಮ್ಮನದು. ಮುಂದೆ ಏಲಕ್ಕಿ ಬಾಳೆಗೊನೆ, ಒಳಗೆ ಕಡಲೆಮಿಠಾಯಿ ಡಬ್ಬ, ಮೇಲಿನ ತಂತಿಗೆ ಸಾಲಾಗಿ ಬೀಡಿ ಕಟ್ಟು. ಬೀಡಿ ಹಚ್ಚಿಕೊಳ್ಳಲೆಂದು ಮರಕ್ಕೆ ಕಟ್ಟಿದ ತೆಂಗಿನ ನಾರಿನ ಹಗ್ಗ, ಅದರ ತುದಿಯಲ್ಲಿ ಯಾವಾಗಲೂ ಚೂರು ಕೆಂಡ.

ಅಮ್ಮ ಬಿಡದಿಯ ಫ್ಯಾಕ್ಟರಿಯಿಂದ ಸಂಜೆ ಟ್ರೇನಿಗೆ ಬರುವವರೆಗೂ ಸಿರಿ ಹೋಮ್‌ವರ್ಕ್ ಮಾಡುವುದು ಆ ಅಂಗಡಿಯ ಬೆಂಚಿನ ಮೇಲೆ. ಬೊಂಬೆ ಕಾರ್ಖಾನೆಯವರು ಅರಗಿನ ಬಣ್ಣ ಹತ್ತಿದ ಕೆಂಪು ಹಸಿರು ಬೆರಳುಗಳಲ್ಲಿ ಬೀಡಿ ಹಿಡಿದು, ಅವಳ ಲೆಕ್ಕ ತಪ್ಪು ಅಂತ ಹೇಳುವುದೂ ಅಲ್ಲೇ. ಅವರು ಹೇಳುವ ಉತ್ತರವೂ ಸಾಮಾನ್ಯವಾಗಿ ತಪ್ಪೇ.

ಹೋದ ವರ್ಷ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಪೆಟ್ಟಿಗೆ ಅಂಗಡಿಯನ್ನು ಹಾಗೆಯೇ ಎತ್ತಿ ಲಾರಿಗೆ ಹಾಕಿದ್ದನ್ನು ಅವಳು ನೋಡಿದ್ದಳು. ಒಳಗಿನ ಗಾಜಿನ ಡಬ್ಬಗಳು ಉರುಳಿ ಪೆಪ್ಪರ್‌ಮಿಂಟೆಲ್ಲ ರಸ್ತೆಗೆ ಬಿದ್ದಿತ್ತು.

ಅಜ್ಜಿ ಅಂಗಡಿ ಒಳಗೋ ಹೊರಗೋ? ಕಣ್ಣಲ್ಲೇ ಅಳೆದಳು. ಒಳಗೇ ಅನ್ನಿಸಿತು.

ಸಾರ್ ಅದ್ನಾನನ ಜೊತೆ ಮುಂದೆ ಹೋಗಿದ್ದರು. ಸಿರಿ ಸೀಮೆಸುಣ್ಣದ ಗುರುತನ್ನು ಚಪ್ಪಲಿಯಿಂದ ಉಜ್ಜಿದಳು. ಅಲ್ಲಿಂದ ಶಾಲೆಯ ಕಡೆಗೆ ಒಂದು ಹೆಜ್ಜೆ ಹಿಂದಕ್ಕೆ ಕೂತು ಸೊನ್ನೆ ಇಟ್ಟಳು.

ಒಂದೇ ಹೆಜ್ಜೆ. ಮುಂದಿನ ಸಲವೂ ಒಂದೇ. ಹಾಗೆ ನಾಲ್ಕು ಸಲ.

ಕೊನೆಗೆ ಸಾರ್ “ಇಲ್ಲಿಗೆ ನೂರು ಗಜ!” ಅಂತ ಕೂಗಿ ಹಳದಿ ಬಣ್ಣದ ಡಬ್ಬ ತೆರೆದರು. ಗೆರೆ ಅಜ್ಜಿಯ ಅಂಗಡಿಯ ಈಚೆಗೆ, ಬಾಳೆಗೊನೆಯ ಪಕ್ಕದಲ್ಲೇ ಬಿತ್ತು.

“ಸಿದ್ದಮ್ಮ, ನೀವು ಬಚಾವ್!” ಅಂದರು ಸಾರ್. “ನಿಮ್ಮ ಅಂಗಡಿ ಹೊರಗೆ.”

ಅಜ್ಜಿ ಗೆರೆ ನೋಡಿದಳು, ದೂರದ ಗೇಟು ನೋಡಿದಳು, ಬಾಲರಾಜು ಸಾರ್ ಮುಖ ನೋಡಿದಳು. ಎಲೆ ಅಡಿಕೆ ತುಂಬಿದ ಬಾಯಲ್ಲೇ ನಕ್ಕಳು.

ಮಾರನೇ ದಿನ ಮಂಗಳವಾರ. ಸಾರ್ ಶಾಲೆಗೆ ಬರುವಾಗ ಅಜ್ಜಿ ಒಂದು ಬಾಳೆಹಣ್ಣು ಮುರಿದು ಅವರ ಕೈಗಿಟ್ಟಳು.

“ಯಾಕಮ್ಮ ಇದು?”

“ತಿನ್ನಿ ಸಾರ್. ನಂಗೊತ್ತಿಲ್ವಾ? ಇಪ್ಪತ್ತು ವರ್ಸದಿಂದ ಈ ರೋಡಲ್ಲಿ ನಡ್ದಿವ್ನಿ. ನೀವು ಬಾಯ್ಬುಟ್ಟು ಏನೂ ಹೇಳ್ಬೇಡಿ, ನಾನೂ ಕೇಳಾಕಿಲ್ಲ.”

ಸಾರ್‌ಗೆ ಏನೂ ಅರ್ಥವಾಗಲಿಲ್ಲ. ಆದರೆ ಏಲಕ್ಕಿ ಬಾಳೆಹಣ್ಣು ತಿನ್ನಲು ಅರ್ಥವಾಗಲೇಬೇಕು ಅಂತೇನಿಲ್ಲವಲ್ಲ. ತಿಂದರು. ಬುಧವಾರವೂ ತಿಂದರು.

ಬೆಂಚಿನ ಮೇಲಿದ್ದ ಸಿರಿಗೆ ಮಾತ್ರ ಅರ್ಥವಾಯಿತು. ಸಾರ್ ಕರುಣೆಯಿಂದ ನಮ್ಮ ಅಂಗಡಿ ಹೊರಗೆ ಬೀಳುವಂತೆ ಗೆರೆ ಎಳೆದರು ಅಂತ ಅಜ್ಜಿ ತಿಳಿದಿದ್ದಾಳೆ!

ಅಷ್ಟರಲ್ಲಿ ವಹಾಬ್ ಅಂಗಡಿಯಲ್ಲಿ ಸಿಗರೇಟು ನಿಂತಿತ್ತು. ಅಲ್ಲಿಗೆ ಹೋಗುತ್ತಿದ್ದವರೆಲ್ಲ ಈಗ ಅಜ್ಜಿಯ ಅಂಗಡಿಗೆ. ಬೆಂಚಿನ ಮೇಲೆ ಸಿರಿಗೆ ಜಾಗವಿಲ್ಲ. ಹೊಗೆಗೆ ಕಣ್ಣು ಉರಿದು, ಪುಸ್ತಕ ಹಿಡಿದು ಮರದ ಬುಡಕ್ಕೆ ಹೋದಳು.

ಅದ್ನಾನ್ ದಿನಾ ಮಾತಾಡುತ್ತಿದ್ದವನು ಈಗ ಬೇಕಾದಷ್ಟೇ ಮಾತಾಡುತ್ತಿದ್ದ. “ರಬ್ಬರ್ ಕೊಡು.” “ತಗೋ.” ಅಷ್ಟೇ.

ಗುರುವಾರ ಅವಳೇ ಕೇಳಿದಳು. “ಏನಾಯ್ತೋ ನಿಂಗೆ?”

“ಏನಿಲ್ಲ.”

“ಹೇಳೋ.”

ಅದ್ನಾನ್ ಡೆಸ್ಕಿನ ಮೇಲೆ ಬೆರಳಿಂದ ಗೆರೆ ಎಳೆಯುತ್ತ ಹೇಳಿದ: “ಮೂರನೇ ಗುರುತು ನಾನು ಹಾಕಿದ್ದು ಕರೆಂಟ್ ಕಂಬದ ಬುಡದಲ್ಲಿ. ನೀನು ಕೂತಿದ್ದು ಕಂಬಕ್ಕಿಂತ ಹಿಂದೆ.”

ಸಿರಿಯ ಕಿವಿ ಬಿಸಿಯಾಯಿತು. “ಮತ್ತೆ ಸಾರ್‌ಗೆ ಯಾಕೆ ಹೇಳ್ಲಿಲ್ಲ?”

“ಚಿಕ್ಕೋನಿದ್ದಾಗ ನಾನು ದಾರಿ ತಪ್ಪಿದ್ನಲ್ಲ, ಆವತ್ತು ನಿಮ್ಮಜ್ಜಿ ಅಂಗಡಿ ಮುಚ್ಚಿ ನನ್ನ ಎತ್ಕೊಂಡು ಮನೆಗೆ ಬಂದಿದ್ರು. ಅಮ್ಮಿ ಈಗಲೂ ಹೇಳ್ತಾರೆ.” ಗೆರೆ ಎಳೆಯುತ್ತಿದ್ದ ಬೆರಳನ್ನು ಮಡಿಸಿಕೊಂಡು ಅಂದ: “ಆದರೆ ಅಬ್ಬಾಗೆ ಬೇಜಾರಾಗಿದೆ. ಎಲ್ಲರ ಹತ್ರ ಏನೇನೋ ಹೇಳ್ತಿದ್ದಾರೆ.”

ಏನೇನೋ ಅಂದರೆ ಏನು ಅಂತ ಸಂಜೆ ಗೊತ್ತಾಯಿತು. ಸಿರಿ ಪೆನ್ಸಿಲ್ ಕೊಳ್ಳಲು ವಹಾಬ್ ಅಂಗಡಿಗೆ ಹೋದಾಗ ಅಲ್ಲಿ ಇಬ್ಬರು ನಿಂತಿದ್ದರು. ವಹಾಬ್ ಅವರಿಗೆ ಹೇಳುತ್ತಿದ್ದರು:

“ಅದು ಟೇಪಲ್ಲ ಸ್ವಾಮಿ, ರಬ್ಬರ್ರು. ದಿನಾ ಒಂದು ಬಾಳೆಹಣ್ಣು ಕೊಟ್ರೆ ಬೇಕಾದ ಕಡೆ ಹಿಗ್ತದೆ, ಬೇಕಾದ ಕಡೆ ಕುಗ್ತದೆ. ಕಣ್ಣಾರೆ ನೋಡ್ತಿದ್ದೀನಲ್ಲ, ಮೇಷ್ಟ್ರು ಸಿಪ್ಪೆ ಎಸೆಯೋದು!”

ಇಬ್ಬರೂ ನಕ್ಕರು. ಒಬ್ಬ “ಲಂಚಾನೂ ಎಷ್ಟು ಅಗ್ಗ ಆಗೋಯ್ತಲ್ಲ!” ಅಂದ. ಸಿರಿ ಪೆನ್ಸಿಲ್ ಕೇಳದೆ ವಾಪಸ್ ಬಂದಳು.

ಶುಕ್ರವಾರ ಹಾಜರಿ ಪುಸ್ತಕ ಕೊಡಲು ಆಫೀಸಿಗೆ ಹೋದಾಗ ಬಾಗಿಲಲ್ಲೇ ನಿಲ್ಲಬೇಕಾಯಿತು. ಒಳಗೆ ಹೆಡ್‌ಮಿಸ್ ಪ್ರತಿಮಾ ಮೇಡಂ ಮೆಲ್ಲಗೆ ಮಾತಾಡುತ್ತಿದ್ದರು.

“ನನಗೆ ನಿಮ್ಮ ಮೇಲೆ ಅನುಮಾನ ಇಲ್ಲ ಬಾಲರಾಜು. ಆದರೆ ಜನ ಆಡ್ಕೊಳ್ತಿದ್ದಾರೆ. ನೀವು ಸಿದ್ದಮ್ಮನ ಹತ್ರ ಏನಾದರೂ ತಗೊಂಡಿದ್ದೀರಾ?”

“ಬಾಳೆಹಣ್ಣು ತಿಂದಿದ್ದೀನಿ ಮೇಡಂ,” ಅಂದರು ಸಾರ್.

ಅಷ್ಟು ಸಣ್ಣ ದನಿಯಲ್ಲಿ ಬಾಲರಾಜು ಸಾರ್ ಮಾತಾಡಬಲ್ಲರು ಅಂತ ಸಿರಿಗೆ ಗೊತ್ತಿರಲಿಲ್ಲ.

ಆವತ್ತು ಆಟದ ಪೀರಿಯಡ್‌ನಲ್ಲಿ ಸಾರ್ ವಿಸಲ್ ಊದಲಿಲ್ಲ. ಮಕ್ಕಳು ತಪ್ಪು ತಪ್ಪಾಗಿ ಕಬಡ್ಡಿ ಆಡಿದರೂ ಕೂಗಲಿಲ್ಲ. ಜೇಬಿನಿಂದ ಆವತ್ತಿನ ಬಾಳೆಹಣ್ಣು ತೆಗೆದು ನೋಡಿದರು. ಕಾಂಪೌಂಡಿನ ಮೇಲಿಟ್ಟರು. ಕಾಗೆಗಳೂ ಮುಟ್ಟಲಿಲ್ಲ.

ಸಂಜೆ ಅಂಗಡಿಯಲ್ಲಿ ಜನ ಕರಗುವವರೆಗೂ ಸಿರಿ ಮರದ ಬುಡದಲ್ಲಿ ಕಾದಳು. ಆಮೇಲೆ ಅಜ್ಜಿಯ ಹತ್ತಿರ ಹೋಗಿ ನಿಂತಳು.

“ಅಜ್ಜಿ.”

“ಏನ್ ಮಗ? ಮಿಠಾಯಿ ಬೇಕಾ?”

“ಬೇಡ. ಅಜ್ಜಿ, ಸಾರ್ ಬೇಕಂತ ನಮ್ಮ ಅಂಗಡಿ ಬಿಟ್ಟು ಗೆರೆ ಎಳೀಲಿಲ್ಲ. ಅವ್ರಿಗೆ ಏನೂ ಗೊತ್ತೇ ಇಲ್ಲ. ನಾನೇ ಟೇಪು ಹಿಂದಕ್ಕೆ ಇಟ್ಟೆ.”

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ನಿಲ್ಲಿಸಿದಳು. ಸಿರಿ ಒಂದೇ ಉಸಿರಿಗೆ ಎಲ್ಲ ಹೇಳಿದಳು: ಕರೆಂಟ್ ಕಂಬ, ಅದ್ನಾನ್, ಪ್ರತಿಮಾ ಮೇಡಂ, ಕಾಗೆ ಮುಟ್ಟದ ಬಾಳೆಹಣ್ಣು. ಹೇಳುತ್ತ ಹೇಳುತ್ತ ಅತ್ತೂಬಿಟ್ಟಳು.

“ಯಾಕವ್ವ ಹಂಗ್ ಮಾಡ್ದೆ?”

“ನಮ್ಮ ಅಂಗಡೀನ ಎತ್ತಿ ಲಾರಿಗೆ ಹಾಕ್ತಾರೆ ಅಂತ.”

“ಅಯ್ಯೋ ಕೂಸೆ! ಅಂಗಡಿ ಯಾಕ್ ಎತ್ತಾರು? ಬೀಡಿ ಮಾರ್ಬೇಡಿ ಅಂತಾರೆ, ಅಷ್ಟೇಯ. ಕಡ್ಲೆಮಿಠಾಯಿ ಮಾರಿದ್ರೆ ಯಾವ ಪೊಲೀಸೂ ಬರಾಕಿಲ್ಲ. ಬಂದ್ರೂ ತಿನ್ನಾಕೆ ಬತ್ತಾನೆ.” ಸೆರಗಿನಲ್ಲಿ ಮೊಮ್ಮಗಳ ಮುಖ ಒರೆಸಿದಳು. “ಎಷ್ಟು ಹೆಜ್ಜೆ ಕದ್ದೆ?”

“ನಾಲ್ಕು.”

ಅಜ್ಜಿ ಬೆರಳು ಮಡಿಸಿ ಎಣಿಸಿದಳು. “ಮಂಗಳವಾರ, ಬುಧವಾರ, ಗುರುವಾರ, ಸುಕ್ರವಾರ. ಹೆಜ್ಜೆಗೊಂದು ಬಾಳೆಹಣ್ಣು!” ಅಂತ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. “ಪಾಪ, ಆ ಮೇಷ್ಟ್ರಿಗೆ ನಾನು ಹಣ್ಣು ಕೊಟ್ಟು ಕೆಟ್ಟೆಸ್ರು ತಂದ್ಬುಟ್ನಲ್ಲ. ಗೆರೆ ಹತ್ರಕ್ಕೆ ಬಿದ್ದೈತೆ ಅಂತ ನಂಗೂ ಗೊತ್ತಿತ್ತು ಕಣ್ ಮಗ. ಗೊತ್ತಿದ್ದೂ ಬಾಯ್ಮುಚ್ಕಂಡೆ. ನಿಂದೊಂದೇ ಅಲ್ಲ ತಪ್ಪು.”

ತಂತಿಯಿಂದ ಬೀಡಿ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ಚೀಲಕ್ಕೆ ಹಾಕಿದಳು. ಆಮೇಲೆ ಮರದ ಹಗ್ಗ ಹಿಡಿದು ಅದರ ತುದಿಯನ್ನು ನೀರಿನ ಚೊಂಬಿಗೆ ಅದ್ದಿದಳು.

ಚುಯ್ ಅಂದಿತು. ಸಿರಿ ಹುಟ್ಟಿದಾಗಿನಿಂದ ಆ ಕೆಂಡ ಅಂಗಡಿ ತೆರೆದಿರುವಾಗ ಆರಿದ್ದನ್ನು ನೋಡಿರಲಿಲ್ಲ.

ಶನಿವಾರ ಬೆಳಿಗ್ಗೆ ಅಜ್ಜಿ ಅವಳ ಜೊತೆ ಗೇಟಿನವರೆಗೂ ಬಂದಳು. ಒಳಗೆ ಬರಲಿಲ್ಲ. “ನೀನೇ ಹೋಗಿ ಹೇಳು, ನಾನಿಲ್ಲೇ ನಿಂತಿರ್ತೀನಿ,” ಅಂದಳು.

ಬಾಲರಾಜು ಸಾರ್ ಚೆಂಡಿಗೆ ಗಾಳಿ ತುಂಬುತ್ತಿದ್ದರು. ಪ್ರತಿಮಾ ಮೇಡಂ ಕೂಡ ಅಲ್ಲೇ ಇದ್ದರು. ಸಿರಿ ಹೇಳಿ ಮುಗಿಸುವವರೆಗೂ ಪಂಪಿನಿಂದ ಗಾಳಿ ಸುಸ್ ಅನ್ನುತ್ತಿತ್ತು.

ಮೇಡಂ ಏನೋ ಹೇಳಲು ಬಾಯಿ ತೆರೆದರು. ಗೇಟಿನ ಹತ್ತಿರ ಕೈ ಮುಗಿದು ನಿಂತಿದ್ದ ಅಜ್ಜಿಯನ್ನು ನೋಡಿ, ಸಾರ್ ಕಡೆ ತಲೆಯಾಡಿಸಿದರು.

ಸಾರ್ ಚೆಂಡು ಕೆಳಗಿಟ್ಟರು. ಟೇಪು ತಂದರು.

“ಅದ್ನಾನ್, ಸೀಮೆಸುಣ್ಣ ತಗೋ. ಇನ್ನೊಂದ್ಸಲ ಅಳೆಯೋಣ.”

“ಸೊನ್ನೆ ಯಾರು ಹಿಡೀತಾರೆ ಸಾರ್?” ಅಂದ ಅದ್ನಾನ್.

ಸಾರ್ ಟೇಪಿನ ತುದಿಯನ್ನು ಸಿರಿಯ ಕಡೆ ಚಾಚಿದರು. “ಇನ್ಯಾರು? ಇವಳೇ.”

ಪ್ರತಿ ಗುರುತಿನಲ್ಲೂ ಸಿರಿ ಸೊನ್ನೆಯನ್ನು ಸುಣ್ಣದ ಗೆರೆಗೆ ಒತ್ತಿ, ಹೆಬ್ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಳು. ಕಂಬದ ಬುಡದಲ್ಲಿ ಅದ್ನಾನ್ ತಿರುಗಿ ನೋಡಿದ. ಅವಳು ಸರಿಯಾಗಿ ಕಂಬದ ಬುಡದಲ್ಲೇ ಕೂತಿದ್ದಳು. ಅವನು ಹಲ್ಲು ಬಿಟ್ಟ.

ಹಿಂದೆ ಒಂದು ಸಣ್ಣ ಮೆರವಣಿಗೆಯೇ ಸೇರಿತು. ವಹಾಬ್ ಕೂಡ ಅಂಗಡಿ ಬಿಟ್ಟು ಬಂದರು. ನಡೆದದ್ದೇನು ಅಂತ ಮಗನ ಬಾಯಿಂದ ಕೇಳಿದ ಮೇಲೆ ಅವರು ಯಾರ ಮುಖವನ್ನೂ ನೋಡದೆ, ಬಣ್ಣದ ಡಬ್ಬವನ್ನು ತಾವೇ ಎತ್ತಿಕೊಂಡರು.

“ಕೊಡಿ ಸಾರ್, ನಾನು ಹಿಡ್ಕೊಳ್ತೀನಿ. ನಿಮ್ಮ ಟೇಪ್ ರಬ್ಬರ್ ಅಲ್ಲ ಬಿಡಿ. ನನ್ನ ನಾಲಿಗೇನೇ ಒಸಿ ಉದ್ದ ಆಗಿತ್ತು.”

“ಗಟ್ಟಿಯಾಗಿ ಹೇಳಿ ವಹಾಬ್ ಸಾಬ್ರೇ, ಕೇಳಿಸ್ಲಿಲ್ಲ!” ಅಂತ ಸಾರ್ ಕೂಗಿದರು. ಬೀದಿಯ ಕೊನೆಯ ಮನೆಯವರು ಹೊರಗೆ ಬಂದು ನೋಡಿದರು. ಸಿರಿಗೆ ಆ ಕೂಗು ಕೇಳಿ ಜೀವ ಬಂದಂತಾಯಿತು.

ಹೊಸ ಗೆರೆ ಅಂಗಡಿ ದಾಟಿ, ಹೊಂಗೆ ಮರದ ಆಚೆಗೆ ಬಿತ್ತು.

ಹಳೆಯ ಗೆರೆಯನ್ನು ಸಾರ್ ಸೀಮೆಎಣ್ಣೆ ಹಾಕಿ ಉಜ್ಜಿ ನೋಡಿದರು. ಹೋಗಲಿಲ್ಲ. “ಒಳ್ಳೇ ಪೇಂಟು ತರಬಾರದಿತ್ತು,” ಅಂತ ಕೈಬಿಟ್ಟರು.

ಸೋಮವಾರ ಸಂಜೆ ಬೆಂಚಿನ ಮೇಲೆ ಸಿರಿಗೆ ಬೇಕಾದಷ್ಟು ಜಾಗವಿತ್ತು. ಬೊಂಬೆ ಕಾರ್ಖಾನೆಯವರಲ್ಲಿ ಇಬ್ಬರು ಮಾತ್ರ ಬಂದು ಬಾಳೆಹಣ್ಣು ತಿಂದು, ಅವಳ ಲೆಕ್ಕ ತಪ್ಪು ಅಂತ ಹೇಳಿ ಹೋದರು. ಉಳಿದವರೆಲ್ಲ ರೈಲ್ವೆ ಗೇಟಿನ ಕಡೆ ನಡೆದಿದ್ದರು. ಅಜ್ಜಿ ಖಾಲಿ ತಂತಿಗೆ ಚಕ್ಕುಲಿ ಪೊಟ್ಟಣ ಸಿಕ್ಕಿಸಿದಳು. ಪೂರ್ತಿ ತುಂಬಲಿಲ್ಲ.

ಒಂದು ಆಟೋ ಬಂದು ನಿಂತಿತು.

“ಅಜ್ಜಿ, ಒಂದು ಕಟ್ಟು ಬೀಡಿ.”

“ಇಲ್ಲ ಕಣಪ್ಪ. ಗೆರೆ ಒಳಗಿವ್ನಿ.”

ಆಟೋದವನು ತಲೆ ಹೊರಗೆ ಹಾಕಿ ರಸ್ತೆ ನೋಡಿದ. “ಅದ್ಯಾಕೆ ಎರಡು ಗೆರೆ ಐತೆ?”

ಅಜ್ಜಿ ಎಲೆ ಮಡಿಸಿ ಬಾಯಿಗಿಟ್ಟು, ನಿಧಾನವಾಗಿ ಹೇಳಿದಳು: “ಆ ಕಡೇದು ಸರ್ಕಾರದ್ದು. ಈ ಕಡೇದು ನನ್ನ ಮೊಮ್ಮಗಳದ್ದು.”

“ಯಾವ್ದು ಸರಿ ಮತ್ತೆ?”

ಅಜ್ಜಿ ಬೆಂಚಿನ ಕಡೆ ನೋಡಿದಳು.

ಸಿರಿ ಪೆನ್ಸಿಲ್ ಕೆಳಗಿಟ್ಟಳು. ಎದ್ದು ಈಚೆಯ ಗೆರೆಯ ಮೇಲೆ ನಿಂತಳು. ಅಲ್ಲಿಂದ ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುತ್ತ, ಅಂಗಡಿಯ ಮುಂದೆ ಹಾದು, ಆಚೆಯ ಗೆರೆಯವರೆಗೂ ನಡೆದಳು. ಅದರ ಮೇಲೆ ಎರಡೂ ಕಾಲು ಊರಿ ನಿಂತು, ಆಟೋದವನ ಕಡೆ ತಿರುಗಿ ಹೇಳಿದಳು:

“ಇದು.”